ಸಾಹೇಬರ ಸಿಟ್ಟು ನಮ್ಮ ಹೊಸ್ತಿಲು ದಾಟದಿರಲಿ

ಗೃಹಸ್ಥಾಶ್ರಮದ ಭಾರ ಹೊತ್ತವನಿಗೆ ಇಬ್ಬರು ಯಜಮಾನರು. ಒಬ್ಬ ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತಿರುತ್ತಾನೆ. ಇನ್ನೊಬ್ಬ ಮನೆಯ ತೊಟ್ಟಿಲಲ್ಲಿ ಮಲಗಿರುತ್ತಾನೆ. ಇಬ್ಬರೂ ಹೊತ್ತು ನೋಡಿ ಕರೆಯುವವರಲ್ಲ, ಇಬ್ಬರಿಗೂ ತಡವನ್ನು ಸಹಿಸುವ ಅಭ್ಯಾಸವಿಲ್ಲ. ತೊಟ್ಟಿಲಲ್ಲಿರುವವನ ಹಟವನ್ನು ನಗುತ್ತ ಸಹಿಸುವ ನಾವು ಕುರ್ಚಿಯ ಮೇಲಿರುವವನ ಹಟಕ್ಕೆ ಒಳಗೊಳಗೇ ಬೇಯುತ್ತೇವೆ. ಈ ಬೇಗೆಯಿಂದ ಮನೆಗಳು ಹೇಗೆ ಬಾಡುತ್ತವೆ, ಅದನ್ನು ತಡೆಯುವ ದಾರಿಗಳು ಯಾವುವು ಎಂಬುದನ್ನು ಈ ತಿಂಗಳು ನಮ್ಮ ಓದುಗ ಬಂಧುಗಳೊಡನೆ ವಿಚಾರ ಮಾಡಬೇಕೆಂದು ಮನಸ್ಸಾಗಿದೆ.

ಇದಕ್ಕೆ ಕಾರಣವಾದ ಪ್ರಸಂಗವೊಂದನ್ನು ಮೊದಲು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದಲ್ಲಿ ವಾಡಿಯ ಸಮೀಪದ ಗ್ರಾಮವೊಂದರಲ್ಲಿ ನಮ್ಮ ಪ್ರವಚನವಿತ್ತು. ಮಂಗಳಾರತಿಯಾಗಿ ಪ್ರಸಾದ ಮುಗಿದು ಜನರೆಲ್ಲ ಚದುರಿದ ಮೇಲೂ ಒಬ್ಬ ಯುವಕ ಕಂಬಕ್ಕೆ ಒರಗಿ ನಿಂತೇ ಇದ್ದ. ಮೂವತ್ತರ ಆಸುಪಾಸಿನ ವಯಸ್ಸು. ಆ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಯಾವ ಕಾರ್ಖಾನೆ ಎಂಬುದು ಇಲ್ಲಿ ಮುಖ್ಯವಲ್ಲ. ಹತ್ತಿರ ಕರೆದು ವಿಚಾರಿಸಿದಾಗ ಅಂಗಿಯ ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದು ನಮ್ಮ ಮುಂದಿಟ್ಟ. ಅದು ರಾಜೀನಾಮೆಯ ಪತ್ರ.

"ಅಜ್ಜಾರ, ನಾಳಿ ಮುಂಜಾನಿ ಇದನ್ನ ಸಾಹೇಬ್ರ ಟೇಬಲ್ ಮ್ಯಾಲ ಒಗದು ಬರ್ತೀನ್ರಿ. ಕೂಸಿಗೆ ಆರಾಮ ಇಲ್ಲ ಅಂದ್ರ, 'ಎಲ್ಲಾರ ಮನ್ಯಾಗೂ ಕೂಸು ಅದಾವ, ನಿನ್ನ ಕೂಸೇನು ಬಂಗಾರದ್ದ?' ಅಂದಾರ. ನೌಕರಿ ಹೋದ್ರ ಹೋಗ್ಲಿ" ಎಂದವನ ಕಣ್ಣು ಕೆಂಪಾಗಿತ್ತು.

ಅವನ ಮೂರು ವರ್ಷದ ಮಗಳಿಗೆ ಜ್ವರ ನೆತ್ತಿಗೇರಿ ಕಲಬುರಗಿಯ ಆಸ್ಪತ್ರೆಯಲ್ಲಿ ಸೇರಿಸಿದ್ದರು. ಹೆಂಡತಿಯೂ ಅಂಗನವಾಡಿಯೊಂದರಲ್ಲಿ ದುಡಿಯುವವಳು. ಎರಡು ರಾತ್ರಿ ತಾನು ಆಸ್ಪತ್ರೆಯಲ್ಲಿರಲು ಪಾಳಿ ಬದಲಿಸಿಕೊಡಿರೆಂದು ಕೇಳಿದ್ದಕ್ಕೆ ಮೇಲಧಿಕಾರಿಯಿಂದ ಬಂದ ಉತ್ತರ ಅದು. ಮಗುವೇನೋ ಗುಣಮುಖವಾಗಿ ಮನೆಗೆ ಬಂದಿತ್ತು. ಆದರೆ ಆ ಮಾತು ತಂದೆಯ ಎದೆಯಿಂದ ಇಳಿದಿರಲಿಲ್ಲ.

ಅಂದು ನಾವು ಅವನಿಗೆ ಏನು ಹೇಳಿದೆವು, ಮುಂದೇನಾಯಿತು ಎಂಬುದನ್ನು ಕೊನೆಯಲ್ಲಿ ತಿಳಿಸುತ್ತೇವೆ. ಅದಕ್ಕೆ ಮುಂಚೆ ಈ ನೆಲದ ದುಡಿಮೆಯ ಸ್ವರೂಪವನ್ನು ಒಂದಿಷ್ಟು ಅರಿಯಬೇಕು.

ಗಡಿಯಾರ ಬಂದ ನಾಡು

ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಯ ನಮ್ಮ ಹಿರಿಯರು ಮಳೆ ನೋಡಿ ಬಿತ್ತಿದವರು, ಹೊತ್ತು ನೋಡಿ ಉಂಡವರು. ಮಗುವಿಗೆ ಜ್ವರ ಬಂದರೆ ಅಂದಿನ ಎಡೆಕುಂಟೆ ನಿಲ್ಲುತ್ತಿತ್ತು. ನಾಳೆ ಹೊಡೆದರೆ ತೊಗರಿ ಬೇಡವೆನ್ನುತ್ತಿರಲಿಲ್ಲ. ತಾಯಿ ಮಗುವನ್ನು ಹೊಲದ ಬದುವಿನ ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಮಲಗಿಸಿ ಕಳೆ ತೆಗೆಯುತ್ತಿದ್ದಳು. ಬಡತನವಿತ್ತು, ಸಾಲವಿತ್ತು, ಗೌಡ ಸಾಹುಕಾರರ ದರ್ಪವೂ ಇತ್ತು. ಆ ಕಾಲವನ್ನು ಸ್ವರ್ಗವೆಂದು ಹೊಗಳುವುದು ಸುಳ್ಳಾದೀತು. ಆದರೆ ಕೆಲಸವೂ ಮಕ್ಕಳೂ ಒಂದೇ ಅಂಗಳದಲ್ಲಿದ್ದವೆಂಬುದು ನಿಜ.

1874 ರಲ್ಲಿ ನಿಜಾಮರ ಸಂಸ್ಥಾನದ ರೈಲುಮಾರ್ಗ ವಾಡಿಯಿಂದ ಸಿಕಂದರಾಬಾದಿಗೆ ತೆರೆಯಿತು. ಮುಂಬಯಿ ಮದರಾಸುಗಳನ್ನು ಕೂಡಿಸುವ ಹಾದಿಗೆ ಹೈದರಾಬಾದಿನ ಹಾದಿ ಬಂದು ಸೇರಿದ ಕಾರಣ ವಾಡಿ ಜಂಕ್ಷನ್ ಆಯಿತು. ರೈಲಿನೊಂದಿಗೆ ಈ ನೆಲಕ್ಕೆ ಗಡಿಯಾರ ಬಂತು. ಮುಂದೆ ಇಲ್ಲಿಯ ಸುಣ್ಣದ ಕಲ್ಲು ಕಾರ್ಖಾನೆಗಳನ್ನು ಕರೆತಂದಿತು. 1968 ರಲ್ಲಿ ವಾಡಿಯಲ್ಲಿ ಎ.ಸಿ.ಸಿ. ಸಿಮೆಂಟು ಕಾರ್ಖಾನೆ ಆರಂಭವಾಯಿತು. ಆಮೇಲೆ ಮಳಖೇಡದಲ್ಲಿ, ಸೇಡಂನಲ್ಲಿ ಹೊಗೆಗೊಳವೆಗಳು ಎದ್ದವು. ರಾಷ್ಟ್ರಕೂಟರ ರಾಜಧಾನಿಯಾಗಿ, ಅಮೋಘವರ್ಷ ನೃಪತುಂಗನ ಆಸ್ಥಾನವಿದ್ದ ಮಾನ್ಯಖೇಟದ ಮಗ್ಗುಲಲ್ಲೇ ಈಗ ಹಗಲಿರುಳು ಗೂಡು ಉರಿಯುತ್ತದೆ. ಶಹಾಬಾದಿನ ಹಾಸುಗಲ್ಲಿನ ಗಣಿ, ಪಾಲಿಶ್ ಘಟಕಗಳು, ಬೇಳೆಯ ಮಿಲ್ಲುಗಳು, ರೈಲ್ವೆಯ ವಸತಿಗೃಹಗಳು, ಶಾಲೆ ಆಸ್ಪತ್ರೆ ಬ್ಯಾಂಕುಗಳು, 371(ಜೆ) ವಿಧಿಯು 2013 ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಮಕ್ಕಳಿಗೆ ದೊರೆತ ಸರಕಾರಿ ಹುದ್ದೆಗಳು — ಇವೆಲ್ಲ ಸೇರಿ ನಾವು ಪಾಳಿಯ ನಾಡಿನವರಾಗಿದ್ದೇವೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸಿಮೆಂಟಿನ ಗೂಡಿನೊಳಗೆ ಸುಣ್ಣದ ಕಲ್ಲು ಸುಮಾರು 1450 ಡಿಗ್ರಿ ಶಾಖದಲ್ಲಿ ಬೇಯುತ್ತದೆ. ಗೂಡನ್ನು ಮನಬಂದಂತೆ ಆರಿಸಿ ಹಚ್ಚಲು ಅದು ಅಡಿಗೆ ಮನೆಯ ಒಲೆಯಲ್ಲ. ಹಠಾತ್ತನೆ ತಣಿದರೆ ಒಳಗೋಡೆಯ ಇಟ್ಟಿಗೆ ಬಿರಿಯುತ್ತದೆ. ಮತ್ತೆ ಕಾಯಿಸಿ ಹದಕ್ಕೆ ತರಲು ಬಹಳ ಹೊತ್ತು ಹಿಡಿಯುತ್ತದೆ, ನಷ್ಟವೂ ದೊಡ್ಡದು. ಆದ್ದರಿಂದ ಗೂಡಿನ ಬಳಿ ಯಾರಾದರೊಬ್ಬರು ಇರಲೇಬೇಕು. ರೈಲಿನ ಮಾತೂ ಅಷ್ಟೆ. ಚಾಲಕ ಬಾರದಿದ್ದರೆ ಸಾವಿರ ಜನ ನಿಲ್ದಾಣದಲ್ಲಿ ಕಾಯುತ್ತಾರೆ. ಪಾಳಿಯಲ್ಲಿ ಒಬ್ಬ ತಪ್ಪಿದರೆ ಅದರ ಉತ್ತರ ಕೊಡಬೇಕಾದವನು ಆ ಮೇಲಧಿಕಾರಿ. ಅವನ ತಲೆಯ ಮೇಲೆ ಇನ್ನೊಬ್ಬ ಸಾಹೇಬ, ಅವನ ಮೇಲೆ ಮತ್ತೊಬ್ಬ. ಮೇಲಿನಿಂದ ಬಿದ್ದ ಬಿರುಸು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ತಾಯಿತಂದೆಯರ ಮೇಲೆ, ಅವರಿಂದ ಏನೂ ಅರಿಯದ ಮಗುವಿನ ಮೇಲೆ ಬೀಳುತ್ತದೆ.

ಇದನ್ನು ಹೇಳಿದ್ದು ಒರಟು ಮಾತನ್ನು ಸಮರ್ಥಿಸಲು ಅಲ್ಲ. ಗೂಡಿಗೆ ಆಳು ಬೇಕೆಂಬುದು ನಿಜ. ಅದಕ್ಕಾಗಿ ಕಾಯಿಲೆಯ ಕೂಸನ್ನು ಹೀಯಾಳಿಸಬೇಕೆಂಬ ನಿಯಮ ಯಾವ ಕಾರ್ಖಾನೆಯಲ್ಲಿಯೂ ಇಲ್ಲ. ಆದರೆ ಎದುರಿಗಿರುವವನ ಸಂಕಟ ಯಾವುದೆಂದು ತಿಳಿದವನಿಗೆ ಮಾತಿನ ದಾರಿ ಸಿಗುತ್ತದೆ. "ನನಗೆ ರಜೆ ಕೊಡಿ" ಎನ್ನುವುದಕ್ಕೂ, "ನನ್ನ ಪಾಳಿಯನ್ನು ಇಂಥವರು ನೋಡಿಕೊಳ್ಳಲು ಒಪ್ಪಿದ್ದಾರೆ, ಮುಂದಿನ ವಾರ ಅವರ ಪಾಳಿಯನ್ನು ನಾನು ಮಾಡುತ್ತೇನೆ, ತಾವು ಅನುಮತಿ ಕೊಡಬೇಕು" ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಅವನ ತಲೆಯ ಮೇಲೆ ಭಾರವನ್ನು ಹೇರುತ್ತದೆ. ಎರಡನೆಯದು ಭಾರವನ್ನು ಇಳಿಸಿಕೊಟ್ಟು ಅಪ್ಪಣೆಯನ್ನು ಮಾತ್ರ ಬೇಡುತ್ತದೆ.

ಅಣ್ಣನೂ ನೌಕರನೇ

ನಮ್ಮ ಮನೆಗಳಲ್ಲಿ ಬಸವಣ್ಣನವರ ಭಾವಚಿತ್ರಕ್ಕೆ ವಿಭೂತಿ ಹಚ್ಚಿ ಹೂವೇರಿಸುತ್ತೇವೆ. ಅವರು ಒಬ್ಬ ದೊರೆಯ ಕೈಕೆಳಗೆ ದುಡಿದವರು, ಹೆಂಡಿರು ಮಕ್ಕಳಿದ್ದ ಗೃಹಸ್ಥರು ಎಂಬುದನ್ನು ಮಾತ್ರ ಮರೆಯುತ್ತೇವೆ.

ಹರಿಹರನ ಬಸವರಾಜದೇವರ ರಗಳೆಯಲ್ಲಿ ಅವರು ಮಂಗಳವಾಡದಲ್ಲಿ ಕರಣಿಕ ವೃತ್ತಿಗೆ ಸೇರಿದ ಬಗೆಯಿದೆ. ಅಲ್ಲಿ ಲೆಕ್ಕಿಗರು ಮಾಡಿದ ತಪ್ಪನ್ನು ಅವರು ತಿದ್ದಿದರು. ಕೆಲಸ ದೊರೆತದ್ದು ಆ ಕುಶಲತೆಯಿಂದ. ಕ್ರಮೇಣ ಬಿಜ್ಜಳನ ಭಂಡಾರದ ಹೊಣೆ ಅವರದಾಯಿತು. ದೊರೆಗೆ ಅವರ ಮೇಲೆ ಮೆಚ್ಚುಗೆಯೂ ಇತ್ತು, ಸಂಶಯವೂ ಇತ್ತು. ಅಸೂಯೆಯುಳ್ಳವರು ದೊರೆಯ ಕಿವಿಯೂದಿದರು: ಭಂಡಾರಿಯು ಅರಮನೆಯ ಹೊನ್ನನ್ನು ಜಂಗಮ ದಾಸೋಹಕ್ಕೆ ವೆಚ್ಚಮಾಡುತ್ತಾನೆ ಎಂದು. ಬಿಜ್ಜಳನು ಲೆಕ್ಕ ಕೇಳಿದ. ಬಸವಪುರಾಣಗಳು ಹೇಳುವಂತೆ, ಎಣಿಸಿದಾಗ ಭಂಡಾರದಲ್ಲಿ ಕೊರತೆಯಿರಲಿಲ್ಲ.

ಪುರಾಣಕರ್ತರು ಇದನ್ನು ಪವಾಡವಾಗಿ ಹಾಡಿದ್ದಾರೆ. ದುಡಿಯುವ ಗೃಹಸ್ಥನಿಗೆ ಇದರಲ್ಲಿ ಬೇರೊಂದು ಪಾಠವಿದೆ. ಮೇಲಧಿಕಾರಿಯ ಅನುಮಾನಕ್ಕೆ ಕೋಪದ ಉತ್ತರ ಕೊಟ್ಟರೆ ಅನುಮಾನ ಬೆಳೆಯುತ್ತದೆ. ಲೆಕ್ಕದ ಉತ್ತರ ಕೊಟ್ಟರೆ ಕಿವಿಯೂದಿದವನ ಬಾಯಿ ಮುಚ್ಚುತ್ತದೆ. ಕೆಲಸ ಶುದ್ಧವಾಗಿದ್ದವನ ದನಿಗೆ ಒಂದು ತೂಕವಿರುತ್ತದೆ. ಅಂಥವನು ರಜೆ ಕೇಳಿದರೆ ಕೊಡದವನೂ ನಾಲ್ಕು ಜನರೆದುರು ನಾಚಬೇಕಾಗುತ್ತದೆ. ದಿನವೂ ತಡವಾಗಿ ಬಂದು, ಹೇಳದೆ ಹೋಗಿ, ಮಗುವನ್ನು ನೆಪಮಾಡಿಕೊಳ್ಳುವವನು ನಿಜವಾಗಿ ಮಗು ನರಳುವಾಗ ಬೇಡಿದರೂ ಯಾರೂ ನಂಬುವುದಿಲ್ಲ. ಅವನು ತನ್ನೊಬ್ಬನ ಮರ್ಯಾದೆಯನ್ನಷ್ಟೇ ಕಳೆಯುವುದಿಲ್ಲ. ಮುಂದೆ ಕೇಳಬೇಕಾದ ನೂರು ತಾಯಂದಿರ ದಾರಿಯನ್ನೂ ಕಟ್ಟುತ್ತಾನೆ.

ಆಯ್ದಕ್ಕಿ ಮಾರಯ್ಯನವರ ಪತ್ನಿ ಲಕ್ಕಮ್ಮನವರನ್ನೂ ಇಲ್ಲಿ ನೆನೆಯೋಣ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಅಗತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳಿಸಿದರು. ಗಂಡನ ಕಾಯಕದಲ್ಲಿ ಎಲ್ಲಿ ತಪ್ಪಿದೆ, ಎಷ್ಟು ಸಾಕು ಎಂಬುದನ್ನು ಮನೆಯೊಳಗಿನ ವಿವೇಕ ಗುರುತಿಸಿತು. ಕಚೇರಿಯ ತೊಡಕನ್ನು ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಹೇಳಿಕೊಳ್ಳುವ ಮನೆಯಲ್ಲಿ ಅರ್ಧ ತೊಡಕು ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ.

ನಾವು ಸೋತ ಒಂದು ಸಂಜೆ

"ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ" ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ನಾವೂ ಬಲ್ಲೆವು, ಆದರೂ ಸೋತೆವು.

ಮಠದ ಪಾಠಶಾಲೆಯಲ್ಲಿ ಓದಿ ಹೊರಬಂದು, ಸಂಸಾರಿಗಳಾಗಿ, ಒಂದು ವಿದ್ಯಾಸಂಸ್ಥೆಯಲ್ಲಿ ಕನ್ನಡ ಬೋಧಿಸುತ್ತಿದ್ದ ಕಾಲವದು. ಅಲ್ಲಿಯ ಮುಖ್ಯಸ್ಥರಿಗೆ ನಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ, ರಾತ್ರಿಯೆಲ್ಲ ಮಗನ ಕೆಮ್ಮಿಗೆ ಎದ್ದಿದ್ದರಿಂದ, ಹತ್ತು ನಿಮಿಷ ತಡವಾಗಿ ಹೋದೆವು. ಅವರು ವಿದ್ಯಾರ್ಥಿಗಳೆದುರಿನಲ್ಲಿಯೇ, "ಮಠದ ಅನ್ನ ಉಂಡವರಿಗೆ ಗಡಿಯಾರ ಯಾಕೆ ಬೇಕು?" ಎಂದರು. ನಮಗೆ ಬೈದಿದ್ದರೆ ಸಹಿಸುತ್ತಿದ್ದೆವೇನೋ, ಗುರುಮನೆಗೆ ಅಂದದ್ದು ಕರುಳಿಗೆ ನಾಟಿತು. ಬಾಯಿ ಬಿಡಲಿಲ್ಲ. ನಮ್ಮ ಸಹನೆಯ ಬಗ್ಗೆ ನಾವೇ ಹೆಮ್ಮೆಪಟ್ಟುಕೊಳ್ಳುತ್ತ ಸಂಜೆ ಮನೆಗೆ ಬಂದೆವು.

ಏಳು ವರ್ಷದ ಮಗ, ಕೆಮ್ಮು ಇಳಿದ ಉತ್ಸಾಹದಲ್ಲಿ, ನಮ್ಮ ಮೇಜಿನ ಮೇಲೆ ಏನೋ ಬರೆಯಲು ಹೋಗಿ ಪುಸ್ತಕವೊಂದರ ಮೇಲೆ ಮಸಿ ಚೆಲ್ಲಿದ್ದ. ಒಂದು ಮಾತು ಕೇಳದೆ ಅವನ ಕೆನ್ನೆಗೆ ಹೊಡೆದೆವು. ಹುಡುಗ ಅಳಲಿಲ್ಲ. ಅಡಿಗೆ ಮನೆಗೆ ಹೋಗಿ ತಾಯಿಯನ್ನು ಮೆಲ್ಲಗೆ ಕೇಳಿದ: "ಅವ್ವಾ, ಅಪ್ಪಗ ಸಾಲ್ಯಾಗ ಯಾರರೆ ಬೈದಾರೇನು?"

ಏಳು ವರ್ಷದ ಮಗುವಿಗೆ ತಿಳಿದದ್ದು ಶಾಸ್ತ್ರ ಓದಿದ ನಮಗೆ ತಿಳಿಯಲಿಲ್ಲ. ಆ ರಾತ್ರಿ ಇಷ್ಟಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ, ಮಗುವಿಗೆ ಹೊಡೆದ ಅಂಗೈಯೂ ಇದೇ ಅಲ್ಲವೇ ಎಂದು ಕೈ ನಡುಗಿತು. ಮರುದಿನ ಮಗನನ್ನು ಕೂಡಿಸಿಕೊಂಡು, ತಪ್ಪು ನಮ್ಮದು ಎಂದು ಹೇಳಿದೆವು. ಅವನಿಗೀಗ ನಲವತ್ತರ ಹತ್ತಿರ ವಯಸ್ಸು. ಅವನು ಆ ಏಟನ್ನು ಮರೆತಿಲ್ಲ. ಆ ಕ್ಷಮೆಯನ್ನೂ ಮರೆತಿಲ್ಲವೆಂದು ಹೇಳುತ್ತಾನೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ಕೆಲಸದಿಂದ ಬಂದೊಡನೆ ಒಳಗೆ ಹೋಗುತ್ತಿರಲಿಲ್ಲ. ಹೊರಗೆ ಕೈಕಾಲು ತೊಳೆದು, ವಿಭೂತಿ ಧರಿಸಿ, ಕಟ್ಟೆಯ ಮೇಲೆ ಹತ್ತು ನಿಮಿಷ ಮೌನವಾಗಿ ಕುಳಿತು ಷಡಕ್ಷರಿಯನ್ನು ಜಪಿಸಿ ಆಮೇಲೆ ಹೊಸ್ತಿಲು ದಾಟುತ್ತಿದ್ದೆವು. ಈ ಹತ್ತು ನಿಮಿಷದಿಂದ ಮುಖ್ಯಸ್ಥರ ಸ್ವಭಾವವೇನೂ ಬದಲಾಗಲಿಲ್ಲ. ಆದರೆ ಅವರು ನಮ್ಮ ಜೊತೆ ಮನೆಯೊಳಗೆ ಬರುವುದು ನಿಂತಿತು. ಪಾಳಿ ಮುಗಿಸಿ ಬರುವ ಪ್ರತಿಯೊಬ್ಬ ತಂದೆಗೂ ತಾಯಿಗೂ ಇದನ್ನು ಹೇಳುತ್ತೇವೆ. ತಾಯಿಗೆ ಈ ಹತ್ತು ನಿಮಿಷ ಸಿಗಬೇಕಾದರೆ ಮನೆಯ ಉಳಿದವರು ಒಲೆ ಹಚ್ಚಿರಬೇಕು, ಮಗುವನ್ನು ಎತ್ತಿಕೊಂಡಿರಬೇಕು ಎಂಬುದನ್ನು ಅತ್ತೆಮಾವಂದಿರಿಗೂ ಗಂಡಂದಿರಿಗೂ ವಿಶೇಷವಾಗಿ ನೆನಪಿಸುತ್ತೇವೆ. ಹೊರಗೆ ದುಡಿದು ಬಂದ ಸೊಸೆಗೆ ಮನೆಯಲ್ಲಿ ಎರಡನೆಯ ಸಾಹೇಬರು ಕಾದಿರಬಾರದು.

ಬಲ್ಲವರು ಅನುಸರಿಸುವ ಕ್ರಮ

ಮೇಲಧಿಕಾರಿ ಬಿರುಸಾಗಿದ್ದಲ್ಲಿ ಅನುಭವಸ್ಥರು ಅನುಸರಿಸುವ ಕೆಲವು ಕ್ರಮಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮೊದಲನೆಯದು, ಮುಂಚಿತವಾಗಿ ತಿಳಿಸುವುದು. ಮಗುವಿನ ಲಸಿಕೆಯ ದಿನ, ಶಾಲೆಯ ಪಾಲಕರ ಸಭೆ, ಪರೀಕ್ಷೆಯ ದಿನಗಳು ಮೊದಲೇ ಗೊತ್ತಿರುತ್ತವೆ. ಅವನ್ನು ತಿಂಗಳ ಆರಂಭದಲ್ಲಿಯೇ ಬರೆದುಕೊಟ್ಟರೆ, ಹಠಾತ್ತನೆ ಬರುವ ಜ್ವರ ನೆಗಡಿಗಳಿಗೆ ಮಾತ್ರ ಹಠಾತ್ತನೆ ಕೇಳಬೇಕಾಗುತ್ತದೆ.

ಎರಡನೆಯದು, ಏಕಾಂತದಲ್ಲಿ ಮಾತಾಡುವುದು. ನಾಲ್ಕು ಜನರೆದುರು ಬೈದವನಿಗೆ ನಾಲ್ಕು ಜನರೆದುರು ಉತ್ತರಿಸಿದರೆ ಅದು ಅವನ ಮಾನದ ಪ್ರಶ್ನೆಯಾಗುತ್ತದೆ. ಸಿಟ್ಟು ಇಳಿದ ಹೊತ್ತು ನೋಡಿ, "ತಾವು ಕೆಲಸದ ಬಗ್ಗೆ ಏನು ಹೇಳಿದರೂ ತಿದ್ದಿಕೊಳ್ಳುತ್ತೇನೆ. ನನ್ನ ಮಗುವಿನ ಬಗ್ಗೆ ಆಡಿದ ಮಾತು ಮನಸ್ಸಿಗೆ ನೋವು ತಂದಿತು" ಎಂದು ಕಣ್ಣೆತ್ತಿ, ದನಿ ಏರಿಸದೆ ಹೇಳಬೇಕು. ಇದು ಅಂಜುಬುರುಕರ ಮಾತಲ್ಲ. ಕೂಗುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಇದಕ್ಕೆ ಬೇಕು.

ಮೂರನೆಯದು, ಬರಹದಲ್ಲಿ ಇಡುವುದು. ರಜೆಯ ಕೋರಿಕೆ, ಅದಕ್ಕೆ ಬಂದ ಉತ್ತರ, ಹೆಚ್ಚುವರಿ ದುಡಿದ ಗಂಟೆಗಳು, ಅವಮಾನದ ಮಾತು ಬಂದಿದ್ದರೆ ಅದರ ದಿನ, ಹೊತ್ತು, ಎದುರಿಗಿದ್ದವರು — ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ದ್ವೇಷ ಸಾಧಿಸಲು ಬರೆಯಬಾರದು. ನಾಳೆ ಲೆಕ್ಕ ಕೇಳಿದಾಗ ಭಂಡಾರ ತುಂಬಿರಲೆಂದು ಬರೆಯಬೇಕು.

ನಾಲ್ಕನೆಯದು, ಜೊತೆಗಾರರ ನಡುವೆ ಪರಸ್ಪರ ನೆರವಿನ ರೂಢಿ. ಇಂದು ನಿಮ್ಮ ಮಗು, ನಾಳೆ ಅವರ ತಾಯಿ. ಐದಾರು ಜನ ಒಬ್ಬರ ಪಾಳಿಗೆ ಒಬ್ಬರು ನಿಲ್ಲುವ ಒಪ್ಪಂದವಿದ್ದರೆ ಸಾಹೇಬರ ಅರ್ಧ ಬಿರುಸು ತಾನಾಗಿ ಇಳಿಯುತ್ತದೆ. ದಾಸೋಹವೆಂಬುದು ಅನ್ನದಲ್ಲಿ ಮಾತ್ರವೇ ಇರಬೇಕೆಂದಿಲ್ಲ, ಹೊತ್ತಿನಲ್ಲಿಯೂ ಇರಬಹುದು.

ಐದನೆಯದು, ನಮ್ಮ ಹಕ್ಕುಗಳನ್ನು ತಿಳಿದಿರುವುದು. ಇದನ್ನು ನಮ್ಮ ಮನೆಗಳಲ್ಲಿ ಬಹಳ ಅಲಕ್ಷ್ಯ ಮಾಡುತ್ತಾರಾದ್ದರಿಂದ ತುಸು ವಿವರವಾಗಿ ಹೇಳುತ್ತೇವೆ.

ಬೇಡಿಕೆಯಲ್ಲ, ಹಕ್ಕು

1961 ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017 ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ವೇತನಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಆ ರಜೆಯ ಅವಧಿಯಲ್ಲಿ ಗೈರುಹಾಜರಿಯ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು. ತಾಯಿಯು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಮಗುವನ್ನು ನೋಡಿಬರಬಹುದು. ಈ ಸೌಲಭ್ಯಗಳು 2025 ರ ನವೆಂಬರ್ 21 ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಮುಂದುವರಿದಿವೆ.

ಅದೇ ದಿನ ಜಾರಿಯಾದ ಇತರ ಕಾರ್ಮಿಕ ಸಂಹಿತೆಗಳು 1948 ರ ಕಾರ್ಖಾನೆ ಕಾಯ್ದೆಯೇ ಮೊದಲಾದ ಹಳೆಯ ಕಾನೂನುಗಳ ಸ್ಥಾನವನ್ನು ಪಡೆದಿವೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ವೇತನವೆಂಬ ತತ್ವ ಅವುಗಳಲ್ಲಿ ಉಳಿದಿದೆ. ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೆ ಹಚ್ಚಬೇಕಾದರೆ ಅವರ ಒಪ್ಪಿಗೆ ಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆಗಳನ್ನು ಕೇಳುವ ಸಮಿತಿಯಿರಬೇಕು. ನೇರವಾಗಿ ಸಾಹೇಬರೊಡನೆ ಜಗಳಕ್ಕೆ ನಿಲ್ಲುವ ಮೊದಲು ಬರಹದ ಪುಸ್ತಕವನ್ನು ಹಿಡಿದು ಹೋಗಬೇಕಾದ ಬಾಗಿಲು ಇದು.

ಸರಕಾರಿ ಸೇವೆಯಲ್ಲಿರುವ ತಾಯಂದಿರಿಗೆ ಶಿಶುಪಾಲನಾ ರಜೆಯಿದೆ. ರೈಲ್ವೆ ಸೇರಿದಂತೆ ಕೇಂದ್ರ ಸರಕಾರದ ಮಹಿಳಾ ನೌಕರರಿಗೆ 2008 ರಿಂದ, ಸೇವಾವಧಿಯಲ್ಲಿ ಒಟ್ಟು 730 ದಿನಗಳವರೆಗೆ. ಕರ್ನಾಟಕ ಸರಕಾರದ ಮಹಿಳಾ ನೌಕರರಿಗೆ 2021 ರಿಂದ 180 ದಿನಗಳವರೆಗೆ. ಇದನ್ನು ಕಚೇರಿಯ ಅನುಕೂಲ ನೋಡಿ ಮಂಜೂರು ಮಾಡುತ್ತಾರಾದ್ದರಿಂದ ಇಲ್ಲಿಯೂ ಮುಂಚಿತವಾಗಿ ಅರ್ಜಿ ಕೊಡುವುದು ಜಾಣತನ.

ಮೇಲಧಿಕಾರಿಯ ನಡತೆ ಹೆಣ್ಣುಮಗಳ ಮಾನಕ್ಕೆ ಕೈಯಿಡುವಂಥದಾದರೆ, ಸಹನೆಯ ಮಾತೇ ಅಲ್ಲಿ ಬರಬಾರದು. 2013 ರ ಕಾನೂನಿನಂತೆ 10 ಅಥವಾ ಹೆಚ್ಚು ನೌಕರರಿರುವ ಪ್ರತಿ ಸ್ಥಳದಲ್ಲಿ ಆಂತರಿಕ ದೂರು ಸಮಿತಿಯಿರಬೇಕು. ಸಣ್ಣ ಸಂಸ್ಥೆಗಳವರಿಗಾಗಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿಯಿದೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. "ಮನೆತನದ ಹೆಸರು ಕೆಡುತ್ತದೆ, ಸುಮ್ಮನಿರು" ಎಂದು ಮಗಳಿಗೆ, ಸೊಸೆಗೆ ಹೇಳುವ ಹಿರಿಯರನ್ನು ನಾವು ಕಂಡಿದ್ದೇವೆ. ತಪ್ಪು ಮಾಡಿದವನ ಹೆಸರನ್ನು ಕಾಯಲು ನಮ್ಮ ಮಗಳ ಬಾಯಿ ಕಟ್ಟುವುದು ಯಾವ ಮನೆತನದ ಧರ್ಮ? ಹೆಣ್ಣಿಗೂ ಇಷ್ಟಲಿಂಗ ಕಟ್ಟಿ ಸಮಾನಳೆಂದು ಸಾರಿದ ಪರಂಪರೆಯವರು ಅಕ್ಕರೆಯಿಂದ ಅವಳ ಬೆನ್ನಿಗೆ ನಿಲ್ಲಬೇಕು.

ಬಿಡಬೇಕಾದಾಗ ಬಿಡುವುದು

ಎಲ್ಲವನ್ನೂ ಸಹಿಸಿರೆಂದು ನಾವು ಹೇಳುವುದಿಲ್ಲ. ಬಸವಣ್ಣನವರು ವರ್ಷಗಟ್ಟಲೆ ಬಿಜ್ಜಳನ ಅನುಮಾನವನ್ನು ತಾಳಿದರು. ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಕಾರಣಕ್ಕೆ ಶರಣರಿಗೆ ಘೋರ ಶಿಕ್ಷೆಯಾದಾಗ ಕಲ್ಯಾಣವೂ ಬೇಡ, ಭಂಡಾರದ ಪದವಿಯೂ ಬೇಡವೆಂದು ಕೂಡಲಸಂಗಮದ ದಾರಿ ಹಿಡಿದರು. ತಮಗೆ ಆದ ಕಿರಿಕಿರಿಗೆ ಅವರು ಪದವಿ ಬಿಡಲಿಲ್ಲ. ಅನ್ಯಾಯದಲ್ಲಿ ಪಾಲುಗೊಳ್ಳಬೇಕಾಗಿ ಬಂದಾಗ ಒಂದು ದಿನವೂ ಉಳಿಯಲಿಲ್ಲ. ಈ ಎರಡರ ನಡುವಿನ ಗೆರೆಯನ್ನು ಪ್ರತಿಯೊಬ್ಬ ದುಡಿಯುವವನೂ ತನ್ನ ಮನಸ್ಸಿನಲ್ಲಿ ಎಳೆದುಕೊಳ್ಳಬೇಕು.

ಸುಳ್ಳು ಲೆಕ್ಕಕ್ಕೆ ರುಜು ಹಾಕೆಂದರೆ, ಬಡವನ ಕೂಲಿಯನ್ನು ನುಂಗಲು ಜೊತೆಯಾಗೆಂದರೆ, ಜೀವಕ್ಕೆ ಅಪಾಯವಿರುವ ಕೆಲಸಕ್ಕೆ ರಕ್ಷಣೆಯಿಲ್ಲದೆ ದೂಡಿದರೆ, ನಮ್ಮ ಆರೋಗ್ಯವೂ ಮಕ್ಕಳ ನಗುವೂ ನಿತ್ಯ ಕರಗುತ್ತಿದ್ದರೆ, ಆ ನೌಕರಿ ನಮ್ಮದಲ್ಲ. ಆದರೆ ಬಿಡುವುದಕ್ಕೂ ಒಂದು ಸಿದ್ಧತೆ ಬೇಕು. ಶಹಾಬಾದಿನ ಹಳೆಯ ಸಿಮೆಂಟು ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿಯ ಮನೆಗಳ ಒಲೆಗಳು ಕಂಡ ಕಷ್ಟವನ್ನು ಈ ಭಾಗದ ಹಿರಿಯರು ಬಲ್ಲರು. ಕೆಲವು ತಿಂಗಳ ಸಂಸಾರದ ವೆಚ್ಚವನ್ನು ಕೂಡಿಟ್ಟು, ಬೇರೆ ಕೆಲಸವನ್ನು ಗೊತ್ತುಮಾಡಿಕೊಂಡು, ಬರಬೇಕಾದ ಭವಿಷ್ಯನಿಧಿ, ಉಪದಾನಗಳ ಲೆಕ್ಕ ನೋಡಿಕೊಂಡು, ಮನೆಯವರೊಡನೆ ಕುಳಿತು ಮಾತಾಡಿ ಬಿಡಬೇಕು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು.

ನಾವೂ ಯಾರಿಗೋ ಸಾಹೇಬರು

ಇಷ್ಟು ಹೊತ್ತು ಕೈಕೆಳಗಿನವರ ಪರವಾಗಿ ಬರೆದೆವು. ಈ ಪತ್ರಿಕೆಯ ಓದುಗರಲ್ಲಿ ಕುರ್ಚಿಯ ಮೇಲೆ ಕುಳಿತವರೂ ಬಹಳ ಮಂದಿ ಇದ್ದಾರೆ. ಬೇಳೆಯ ಮಿಲ್ಲು, ಕಲ್ಲಿನ ಗಣಿ, ಬಟ್ಟೆಯ ಅಂಗಡಿ, ಖಾಸಗಿ ಶಾಲೆ, ದವಾಖಾನೆ ನಡೆಸುವವರು ನಮ್ಮ ಸಮಾಜದಲ್ಲಿ ಸಾಕಷ್ಟಿದ್ದಾರೆ. ಹೆಚ್ಚೇನು, ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿಗೆ ಆ ಮನೆಯ ಗೃಹಿಣಿಯೇ ಸಾಹೇಬರು.

ನಮ್ಮ ಅಂಗಡಿಯ ಗುಮಾಸ್ತನಿಗೆ ಮಗಳ ಶಾಲೆಯ ಸಭೆಗೆ ಹೋಗಲು ಎರಡು ಗಂಟೆ ಬಿಡುವು ಕೊಟ್ಟಿದ್ದೇವೆಯೇ? ಕೆಲಸದವಳು ಜ್ವರದ ಕೂಸನ್ನು ಬಗಲಲ್ಲಿ ಹೊತ್ತು ಬಂದಾಗ, ಇಂದು ಬೇಡ, ಮನೆಗೆ ಹೋಗೆಂದು ದಿನದ ಕೂಲಿ ಹಿಡಿಯದೆ ಕಳಿಸಿದ್ದೇವೆಯೇ? ನಮ್ಮ ಮಗನಿಗೆ ಸಾಹೇಬ ಬೈದರೆ ಕರುಳು ಕಿವುಚುವ ನಾವು, ನಮ್ಮ ಬಾಯಿಂದ ಬಿದ್ದ ಮಾತು ಸಂಜೆ ಯಾವ ಮಗುವಿನ ಕೆನ್ನೆಯ ಮೇಲೆ ಬೀಳುತ್ತದೆಂದು ಯೋಚಿಸಿದ್ದೇವೆಯೇ? ಕಲಬುರಗಿಯ ಶರಣಬಸವೇಶ್ವರರು ಹೊಲದ ಫಲದಲ್ಲಿ ಹಕ್ಕಿಗಳ ಪಾಲನ್ನೂ ಮನ್ನಿಸಿದರೆಂದು ಹಾಡಿ ಕುಣಿಯುವ ನಾಡಿನವರು ನಾವು. ನಮ್ಮ ಕೈಕೆಳಗೆ ದುಡಿಯುವ ಮನುಷ್ಯರ ಮಕ್ಕಳಿಗೆ ಒಂದು ಹೊತ್ತಿನ ಪಾಲು ಮನ್ನಿಸದಿದ್ದರೆ ಆ ಹಾಡು ಬಾಯಿಪಾಠವಷ್ಟೇ ಆಗುತ್ತದೆ.

ಆ ಕಾಗದ ಏನಾಯಿತು?

ಈಗ ಆ ಯುವಕನ ಕತೆಗೆ ಬರೋಣ. ಅಂದು ರಾತ್ರಿ ನಾವು ಅವನಿಗೆ ಹೇಳಿದ್ದು ಇಷ್ಟೇ: "ಈ ಕಾಗದ ಹರಿಯಬೇಡ, ಕೊಡಲೂ ಬೇಡ. ಮೂರು ದಿನ ಜಗುಲಿಯ ಮೇಲೆ ಇಡು. ಹೆಂಡತಿಗೆ ಓದಿ ತೋರಿಸು. ಇದನ್ನು ಕೊಡುವುದು ಮಗಳಿಗಾಗಿಯೋ, ನಿನ್ನ ಮಾನಕ್ಕಾಗಿಯೋ ಎಂದು ನಿನ್ನನ್ನೇ ಕೇಳಿಕೋ. ನಾಲ್ಕನೆಯ ದಿನ ನಿನ್ನ ಮನಸ್ಸು ಹೇಳಿದಂತೆ ಮಾಡು."

ಮುಂದಿನ ವರ್ಷ ಅದೇ ಗ್ರಾಮಕ್ಕೆ ಹೋದಾಗ ಅವನು ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಂದಿದ್ದ. ರಾಜೀನಾಮೆ ಕೊಟ್ಟಿರಲಿಲ್ಲ. "ಮನ್ಯಾಕಿ ಓದಿ, 'ನೌಕರಿ ಬಿಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ಆ ಮಾತಿಗೆ ಅಂಜಿ ಬಿಡಬ್ಯಾಡ್ರಿ' ಅಂದಳ್ರಿ" ಎಂದ. ಅವನು ಸಾಹೇಬರ ಕೋಣೆಗೆ ಒಬ್ಬನೇ ಹೋಗಿ, ಮಗುವಿನ ವಿಷಯದಲ್ಲಿ ಆಡಿದ ಮಾತು ನೋವು ತಂದಿತೆಂದು ಹೇಳಿದ್ದ. ಸಾಹೇಬರು ಕ್ಷಮೆ ಕೇಳಲಿಲ್ಲ, ಅವರ ಬಿರುಸೂ ಹೋಗಲಿಲ್ಲ. ಆದರೆ ಅಂಥ ಮಾತು ಮತ್ತೆ ಬರಲಿಲ್ಲವಂತೆ. ಅವನ ಪಾಳಿಯ ಆರು ಜನ ಗೆಳೆಯರು ಒಬ್ಬರಿಗೊಬ್ಬರು ನಿಲ್ಲುವ ಕರಾರು ಮಾಡಿಕೊಂಡಿದ್ದರು. ಆ ಕಾಗದ ಇನ್ನೂ ಜಗುಲಿಯ ಮೇಲೆಯೇ ಇದೆಯೆಂದು ನಕ್ಕ.

ಇರಲಿ ಎಂದೆವು. ಬಿಡುವ ಧೈರ್ಯವುಳ್ಳವನು ಉಳಿದರೆ ಅದು ಗುಲಾಮಗಿರಿಯಾಗುವುದಿಲ್ಲ, ಕಾಯಕವಾಗುತ್ತದೆ.

ಮಗಳು ಅವನ ಹೆಗಲ ಮೇಲಿಂದ ಬಗ್ಗಿ ನಮ್ಮ ಕೈಯಿಂದ ಕಲ್ಲುಸಕ್ಕರೆ ತೆಗೆದುಕೊಂಡು ತಂದೆಯ ಬಾಯಿಗೆ ಮೊದಲು ಇಟ್ಟಳು. ದುಡಿದು ದಣಿದು ಬರುವ ಪ್ರತಿಯೊಬ್ಬ ತಂದೆತಾಯಿಗೂ ಅಂಥ ಸಂಜೆಗಳು ಒದಗಲಿ. ಕುರ್ಚಿಯ ಮೇಲೆ ಕುಳಿತವರಿಗೆ ಆ ಸಂಜೆಗಳನ್ನು ಕೆಡಿಸದ ಬುದ್ಧಿಯನ್ನು ಶಿವನು ಕರುಣಿಸಲಿ.